ಒಂಬತ್ತು ಮನೆಗಳ ಚೌಕಾಬಾರ

ಕೋಲಾರದ ನಮ್ಮ ಮನೆಯಲ್ಲಿ ನೆಲದ ಮೇಲೆ ಪಟ ಬರೆದು ಆಡುವ ಚೌಕಾಬಾರಕ್ಕೆ ಕುಳಿತುಕೊಳ್ಳುವವರು ನಾಲ್ವರು: ಅತ್ತೆ, ಮಾವ, ಯಜಮಾನರು, ನಾನು. ಮಗಳು ಯಾರದಾದರೂ ತೊಡೆಯ ಮೇಲಿರುತ್ತಿದ್ದಳು. ತೊಡೆಯ ಮೇಲಿದ್ದವಳ ಕೈ ಸುಮ್ಮನಿರುವುದುಂಟೇ? ಕಾಯಿ ಎತ್ತಿ ಬಾಯಿಗೆ ಹಾಕುವುದು, ಬಿದ್ದ ಗರ ಎಣಿಸುವ ಮೊದಲೇ ದಾಳದಂತೆ ಉರುಳಿಸಿದ ಹುಣಸೆಬೀಜಗಳನ್ನು ಬಾಚಿಕೊಳ್ಳುವುದು, ಆಟ ಕೆಟ್ಟಿತೆಂದು ಎಲ್ಲರೂ ಕೂಗುವುದು, ಕೊನೆಗೆ ಅವಳನ್ನು ಯಾರಾದರೂ ಎತ್ತಿಕೊಂಡು ಹೊರಗೆ ಹೋಗುವುದು. ಮೂರು ವರ್ಷ ತುಂಬಿದ ಮೇಲೂ ಇದೇ ನಡೆದಾಗ ನನಗೆ ಸರಿಕಾಣಲಿಲ್ಲ. ಮನೆಯವರೆಲ್ಲ ಸುತ್ತ ಕುಳಿತು ನಗುವ ಜಾಗದಿಂದ ಮಗುವೊಂದನ್ನೇ ಎಬ್ಬಿಸಿ ಕಳುಹಿಸುವುದು ಅನ್ಯಾಯ. ಅವಳಿಗೂ ಅಲ್ಲೊಂದು ಕಾಯಿ ಬೇಕು, ಒಂದು ಸರದಿ ಬೇಕು ಎಂದು ಪಟ್ಟು ಹಿಡಿದೆ. ಈಗ ಅವಳಿಗೆ ನಾಲ್ಕೂವರೆ ದಾಟಿದೆ. ನಡುವಿನ ಕಾಲದಲ್ಲಿ ನಾವು ಏನು ಮಾಡಿದೆವು, ಯಾವುದು ಕೂಡಿಬಂತು ಎನ್ನುವುದನ್ನು ಚಿಕ್ಕ ಮಕ್ಕಳಿರುವ ಮನೆಯವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಆಟದ ಪೆಟ್ಟಿಗೆಯನ್ನೇ ಶೋಧಿಸಿದೆ. ಅತ್ತೆಯ ತವರಿನಿಂದ ಬಂದ ಅಳಿಗುಳಿ ಮಣೆಯೊಂದಿಗೆ ಒಂದು ಬಟ್ಟೆಯ ಗಂಟು ಇತ್ತು. ಬಿಚ್ಚಿದರೆ ತುಂಬ ಗುಲಗಂಜಿ. ಕೆಂಪು ಮೈ, ಕಪ್ಪು ಚುಕ್ಕೆ, ಯಾವ ಮಗುವಿಗಾದರೂ ಕೈ ಚಾಚಬೇಕೆನ್ನಿಸುವ ಕಾಳು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದು ಇದರಿಂದಲೇ. ಆದರೆ ಇದರ ಒಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದ ಕಾಳು ಹಾಗೆಯೇ ಹೊರಬೀಳಬಹುದು. ಅಗಿದರೆ ಅಥವಾ ಒಡೆದ, ತೂತು ಕೊರೆದ ಕಾಳು ಹೊಟ್ಟೆ ಸೇರಿದರೆ ಜೀವಕ್ಕೇ ಅಪಾಯ. "ನಾವೆಲ್ಲ ಇದರಲ್ಲೇ ಆಡಿ ಬೆಳೆಯಲಿಲ್ಲವೇ" ಎಂದು ಅತ್ತೆ ಕೇಳಿದರು. ಆಡಿ ಬೆಳೆದದ್ದು ನಿಜ, ಅಪಾಯವಿರುವುದೂ ನಿಜ ಎಂದೆ. ಗಂಟು ಅಂದೇ ಮನೆಯಿಂದ ಹೊರಗೆ ಹೋಯಿತು. ಹಳೆಯ ಮಣೆಗಳನ್ನು ಅಟ್ಟದಿಂದ ಇಳಿಸುವವರು ದಯವಿಟ್ಟು ಮೊದಲು ಕಾಳುಗಳನ್ನು ನೋಡಿ.

ಹುಣಸೆಬೀಜಕ್ಕೆ ವಿಷದ ಭಯವಿಲ್ಲ, ಆದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವಿನ ಮುಂದೆ ಬೀಜ, ಕವಡೆ, ಬಳೆಚೂರು ಯಾವುದೂ ಬೇಡ ಎಂದು ತೀರ್ಮಾನಿಸಿದೆವು. ಹಾಗಾದರೆ ಗರ ಹಾಕುವುದು ಯಾವುದರಿಂದ? ಉತ್ತರ ಕಂಡುಕೊಂಡವರು ಮಾವ. ತೆಂಗಿನ ಚಿಪ್ಪನ್ನು ಒಡೆದು, ಬಿಸ್ಕತ್ತಿನಷ್ಟು ಅಗಲದ ನಾಲ್ಕು ತುಂಡು ಆರಿಸಿ, ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಅಂಚು ಉಜ್ಜಿ ಉಜ್ಜಿ ದುಂಡಗೆ ಮಾಡಿದರು. ಒಳಮೈಗೆ ಬಿಳಿ ಬಣ್ಣ ಬಳಿದರು. ಬೆಳ್ಳಗಿನ ಬದಿ ಮೇಲಾದರೆ ಎಣಿಕೆಗೆ ಸೇರುತ್ತದೆ, ಕಪ್ಪಾದರೆ ಇಲ್ಲ. ಕಾಯಿಗಳಿಗೆ ಚನ್ನಪಟ್ಟಣದ ಅರಗುಬಣ್ಣದ ದಪ್ಪ ಮರದ ಗೊಂಬೆಗಳನ್ನು ಇಟ್ಟುಕೊಂಡೆವು. ಆಟದ ಮುಂಚೆ ಮತ್ತು ಆಟದ ನಂತರ ಎಲ್ಲವನ್ನೂ ಎಣಿಸಿ ಡಬ್ಬಿಗೆ ತುಂಬುವ ಕೆಲಸ ಮಗಳದು. ಈ ಎಣಿಕೆಯನ್ನು ಅವಳು ಆಟಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದ ದಿನಗಳೂ ಇದ್ದವು.

ಇನ್ನು ಆಟದ ವಿಷಯ. ಚೌಕಾಬಾರ ಬಲ್ಲವರಿಗೆ ಗೊತ್ತು, ಅದು ಐದು ಗೆರೆ ಐದು ಸಾಲಿನ 25 ಮನೆಗಳ ಪಟ. ಹೊರಸುತ್ತಿಗೆ 16, ಒಳಸುತ್ತಿಗೆ 8, ನಡುವೆ ಒಂದು. ಹೊರಸುತ್ತಿನಲ್ಲಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಹೋಗಿ, ಒಳಸುತ್ತಿಗೆ ಇಳಿದ ಮೇಲೆ ದಿಕ್ಕು ತಿರುಗಿಸಬೇಕು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎದುರಾಳಿಯ ಕಾಯಿಯ ಮನೆಗೆ ಬಂದರೆ ಕಡಿಯಬೇಕು, ಎಂದರೆ ಅದನ್ನು ಹೊರಟ ಮನೆಗೇ ಕಳುಹಿಸಬೇಕು; ಕಟ್ಟೆ ಎಂಬ ಗುರುತಿನ ಮನೆಯಲ್ಲಿದ್ದರೆ ಕಡಿಯುವ ಹಾಗಿಲ್ಲ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರಾ ಎಂದರೆ ಎಂಟು. ಎರಡಕ್ಕೂ ಇನ್ನೊಂದು ಗರ. ಒಬ್ಬರನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎನ್ನುವುದು ಎಷ್ಟೋ ಮನೆಗಳ ಕಟ್ಟಳೆ, ನಮ್ಮ ಮನೆಯದೂ ಹೌದು. ಇಷ್ಟನ್ನೂ ಮೂರೂವರೆ ವರ್ಷದ ಮಗುವಿನ ತಲೆಗೆ ಒಟ್ಟಿಗೆ ಹೇರಿದರೆ ಅದು ಎದ್ದು ಹೋಗದೆ ಇನ್ನೇನು ಮಾಡೀತು?

ನಾನು ಪಟವನ್ನೇ ಕುಗ್ಗಿಸಿದೆ. ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಗೆರೆ ಮೂರು ಸಾಲು, ಒಟ್ಟು ಒಂಬತ್ತು ಮನೆ. ಸುತ್ತ ಎಂಟು, ನಡುವೆ ಒಂದು. ಪ್ರತಿ ಬದಿಯ ನಡುವಿನ ಚೌಕ ಆ ಬದಿಯವರ ಮನೆ. ತಲೆಗೊಂದೇ ಕಾಯಿ. ಕಡಿಯುವುದಿಲ್ಲ, ಕಟ್ಟೆಯಿಲ್ಲ, ದಿಕ್ಕು ಬದಲಿಸುವುದಿಲ್ಲ. ಒಂದು ಸುತ್ತು ಹಾಕಿ ನಡುಮನೆಗೆ ಹೋದರೆ ಕಾಯಿ ಹಣ್ಣಾಯಿತು. ಮಾಡಿ ನೋಡಿದ ಮೇಲೆ ಇದರ ಸೊಗಸು ಹೊಳೆಯಿತು. ತನ್ನ ಮನೆಯಿಂದ ನಡುಮನೆಗೆ ಸರಿಯಾಗಿ ಎಂಟು ಹೆಜ್ಜೆ. ಬಾರಾ ಬಿದ್ದರೆ ಒಂದೇ ಗರಕ್ಕೆ ಹಣ್ಣು! ಅದು ಅಪರೂಪಕ್ಕೆ ಬೀಳುತ್ತಿತ್ತು, ಬಿದ್ದ ದಿನ ಮನೆಯಲ್ಲಿ ಹಬ್ಬ. ಬಾರಾ ಬೀಳದಿದ್ದರೂ ಮೂರ್ನಾಲ್ಕು ಗರದಲ್ಲಿ ಒಂದು ಆಟ ಮುಗಿಯುತ್ತದೆ. ಮಗುವಿನ ತಾಳ್ಮೆ ಮುಗಿಯುವ ಮೊದಲೇ ಆಟ ಮುಗಿಯಬೇಕು. ಆಗ "ಇನ್ನೊಂದು ಆಟ" ಎಂಬ ಮಾತು ಅದರ ಬಾಯಿಂದಲೇ ಬರುತ್ತದೆ.

ದಾಳಕ್ಕಿಂತ ಈ ಚಿಪ್ಪುಗಳು ಎಷ್ಟು ಮೇಲು ಎಂಬುದು ಆಡುತ್ತಾ ತಿಳಿಯಿತು. ದಾಳದಲ್ಲಿ ಆರು ಚುಕ್ಕೆಗಳವರೆಗೆ ಓದಬೇಕು. ಚಿಪ್ಪಿನಲ್ಲಿ ಬೆಳ್ಳಗಿರುವುದನ್ನು ಬೆರಳಿಟ್ಟು ಮುಟ್ಟಿ ಎಣಿಸಿದರೆ ಮುಗಿಯಿತು. ನಾಲ್ಕು ಚಿಪ್ಪು ಬೀಳುವ ಬಗೆ ಒಟ್ಟು 16. ಎರಡೂ ಬದಿ ಸಮನಾಗಿ ಬೀಳುತ್ತವೆ ಎಂದುಕೊಂಡರೆ ಅದರಲ್ಲಿ ಆರು ಬಗೆಯಲ್ಲಿ ಎರಡು ಬೀಳುತ್ತದೆ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕ ಮತ್ತು ಬಾರಾ ಒಂದೊಂದೇ ಬಗೆಯಲ್ಲಿ. ಆದ್ದರಿಂದ ಮಗುವಿಗೆ ಪದೇ ಪದೇ ಎದುರಾಗುವುದು ಒಂದು, ಎರಡು, ಮೂರು ಎಂಬ ಪುಟ್ಟ ಸಂಖ್ಯೆಗಳೇ. ಕೆಲವೇ ವಾರಗಳಲ್ಲಿ ಅವಳು ಎರಡನ್ನು ಎಣಿಸುವುದನ್ನೇ ಬಿಟ್ಟಳು. ಚಿಪ್ಪು ಬಿದ್ದ ಕೂಡಲೇ ನೋಡಿ "ಎರಡು" ಎನ್ನುತ್ತಿದ್ದಳು. ಆಮೇಲೆ ಮೂರು. ನಮ್ಮ ಅಜ್ಜಿಯರು ಈ ಲೆಕ್ಕ ಹಾಕಿ ಆಟ ಕಟ್ಟಿರಲಿಕ್ಕಿಲ್ಲ, ಆದರೂ ಪುಟ್ಟ ಮಗುವಿಗೆ ಇದಕ್ಕಿಂತ ಒಳ್ಳೆಯ ಎಣಿಕೆಯ ಉಪಕರಣ ನನಗೆ ಅಂಗಡಿಯಲ್ಲಿ ಸಿಕ್ಕಿಲ್ಲ.

ಸರದಿ ಕಾಯುವುದು ಎಣಿಕೆಗಿಂತ ಕಷ್ಟದ ಪಾಠ. "ಈಗ ಅಜ್ಜಿಯದು, ಆಮೇಲೆ ಅಪ್ಪನದು" ಎಂದು ಹೇಳಿದರೆ ಕಣ್ಣಿಗೆ ಕಾಣದ ಆ ಮಾತು ಮಗುವಿಗೆ ನಿಲುಕುವುದಿಲ್ಲ. ಒಂದು ಹಿತ್ತಾಳೆ ಬಟ್ಟಲು ತಂದೆ. ಚಿಪ್ಪುಗಳು ಬಟ್ಟಲಿನಲ್ಲಿ, ಬಟ್ಟಲು ಯಾರ ಮುಂದಿದೆಯೋ ಅವರೇ ಕುಲುಕಬೇಕು, ಕಾಯಿ ನಡೆಸಿದ ಮೇಲೆ ತಾವೇ ಎರಡೂ ಕೈಯಲ್ಲಿ ಎತ್ತಿ ಬಲಗಡೆಯವರಿಗೆ ಕೊಡಬೇಕು. ಕಸಿದುಕೊಳ್ಳುವುದು ನಿಂತದ್ದು ಆಗ. ಕೊಡುವುದೂ ಆಟದ ಭಾಗವಾದಾಗ ಕೊಡುವುದರಲ್ಲೇ ಅವಳಿಗೆ ಗತ್ತು ಬಂತು. ಅಜ್ಜನ ಕೈಗೆ ಬಟ್ಟಲು ಕೊಟ್ಟು, "ಚೆನ್ನಾಗಿ ಕುಲುಕಿ ತಾತಾ" ಎಂದು ಹೇಳುವ ಮಟ್ಟಕ್ಕೆ.

ಕಾಯಿ ನಡೆಸುವಾಗ ಒಂದು ತೊಡಕು ಬಹಳ ದಿನ ಉಳಿಯಿತು. ಎರಡು ಬಿದ್ದರೆ ತಾನು ನಿಂತ ಮನೆಯನ್ನೇ ಒಂದು ಎಂದು ಎಣಿಸಿ, ಪಕ್ಕದ ಮನೆಗೆ ಎರಡು ಎನ್ನುವಳು. ತಿದ್ದಿದಷ್ಟೂ ಅಳು. ಈ ವಯಸ್ಸಿನ ಮಕ್ಕಳಲ್ಲಿ ಇದು ತೀರ ಸಾಮಾನ್ಯ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ನೇರವಾಗಿ ಹತ್ತು ಮನೆ ಎಳೆದು, ಒಂದರಿಂದ ಹತ್ತರವರೆಗೆ ಅಂಕಿ ಬರೆದು, ಅವಳನ್ನೇ ಕಾಯಿ ಮಾಡಿದೆ. ಚಿಪ್ಪು ಹಾಕುವುದು, ಜಿಗಿಯುವುದು. ಜಿಗಿದರೆ ತಾನೇ ಒಂದು! ನಿಂತಲ್ಲೇ ನಿಂತು ಒಂದು ಎನ್ನಲು ಅವಳ ಕಾಲೇ ಒಪ್ಪಲಿಲ್ಲ.

ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದ್ದರಿಂದಲೇ ನಾನು ಅಂಕಿಗಳನ್ನು ಬರೆದದ್ದು. ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಅವರು ಒಂದರಿಂದ ಹತ್ತರವರೆಗೆ ಅಂಕಿಗಳಿದ್ದ ನೇರ ಸಾಲಿನ ಆಟವನ್ನು ಎರಡು ವಾರಗಳ ಅವಧಿಯಲ್ಲಿ ನಾಲ್ಕು ಬಾರಿ, ಒಟ್ಟು ಸುಮಾರು ಒಂದು ಗಂಟೆ ಆಡಿಸಿದರು. ಮಕ್ಕಳು ಎಣಿಸುವುದರಲ್ಲಿ, ಅಂಕಿ ಗುರುತಿಸುವುದರಲ್ಲಿ, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಹೇಳುವುದರಲ್ಲಿ ಮುಂದುವರಿದರು. ಅಂಕಿಯ ಬದಲು ಬರಿಯ ಬಣ್ಣಗಳಿದ್ದ ಅದೇ ಬಗೆಯ ಆಟವಾಡಿದ ಮಕ್ಕಳಲ್ಲಿ ಆ ಬೆಳವಣಿಗೆ ಕಾಣಲಿಲ್ಲ. ಇದರಲ್ಲಿ ಒಂದು ಸೂಕ್ಷ್ಮವಿದೆ. ಮೂರನೆಯ ಮನೆಯಲ್ಲಿದ್ದು ಎರಡು ಬಿದ್ದರೆ ಮಗು "ಒಂದು, ಎರಡು" ಎನ್ನದೆ "ನಾಲ್ಕು, ಐದು" ಎಂದು ಮನೆಯ ಹೆಸರು ಹೇಳುತ್ತಾ ನಡೆಯಬೇಕು. ನಮ್ಮ ಅಂಗಳದಲ್ಲೂ ಹಾಗೆಯೇ ಮಾಡಿಸಿದೆ. ಬೀದಿಯಲ್ಲಿ ಹೋಗುವ ತರಕಾರಿಯವರು ನಿಂತು ನೋಡಿ, "ಆರು, ಏಳು" ಎಂದು ಅವಳೊಂದಿಗೆ ಕೂಗಿದ್ದೂ ಉಂಟು.

ಮನೆಯಲ್ಲಿ ನಿಜವಾದ ಜಟಾಪಟಿ ನಡೆದದ್ದು ಸೋಲಿನ ವಿಷಯಕ್ಕೆ. ಅತ್ತೆಯದು ಕರುಳಿನ ನ್ಯಾಯ: ಮಗು, ಗೆಲ್ಲಲಿ, ನಮಗೇನು ಹೋಗುತ್ತದೆ? ಮಾವನದು ಪಟದ ನ್ಯಾಯ: ಆಡಿದರೆ ಸರಿಯಾಗಿ ಆಡಬೇಕು, ಇಲ್ಲದಿದ್ದರೆ ಒಂಬತ್ತು ಮನೆಯ ಈ ಮಕ್ಕಳಾಟಕ್ಕೆ ಚೌಕಾಬಾರವೆಂಬ ಹೆಸರೇಕೆ? ನಾನು ಇಬ್ಬರಿಗೂ ಒಪ್ಪಲಿಲ್ಲ. ಬೇಕೆಂದೇ ಸೋಲುವುದನ್ನು ಮಗು ಬಹುಬೇಗ ಪತ್ತೆ ಹಚ್ಚುತ್ತದೆ, ಪತ್ತೆ ಹಚ್ಚಿದ ಮೇಲೆ ಅದರ ನಿಜವಾದ ಗೆಲುವಿಗೂ ಬೆಲೆಯಿರುವುದಿಲ್ಲ. ಅದೃಷ್ಟದ ಆಟಗಳ ದೊಡ್ಡಗುಣವೇ ಇದು: ಎಪ್ಪತ್ತರ ಅಜ್ಜನ ಗರಕ್ಕೂ ಮೂರೂವರೆಯ ಮೊಮ್ಮಗಳ ಗರಕ್ಕೂ ಒಂದೇ ಬಲ. ಅಜ್ಜ ಪ್ರಾಮಾಣಿಕವಾಗಿ ಆಡಿಯೇ ಪ್ರಾಮಾಣಿಕವಾಗಿ ಸೋಲುತ್ತಾರೆ. ಅದಕ್ಕೇ ಚಿಕ್ಕ ಮಕ್ಕಳಿಗೆ ಮೊದಲು ಇಂಥ ಆಟಗಳು, ಬುದ್ಧಿಯ ಆಟಗಳು ಆಮೇಲೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಯಮ ಬದಲಿಸುವ ಬಗ್ಗೆ ಮಾವನನ್ನು ಒಲಿಸಿದ್ದು ಮೈಸೂರಿನ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಹಲಗೆಯಾಟಗಳ ಮಹಾಪ್ರೇಮಿ. ಇದ್ದ ಆಟಗಳನ್ನು ಆಡಿದ್ದಷ್ಟೇ ಸಾಲದೆಂದು ಹೊಸ ಹೊಸ ಪಟಗಳನ್ನು ತಾವೇ ರಚಿಸಿದವರು. ಜಗನ್ಮೋಹನ ಅರಮನೆಯಲ್ಲಿ ಅವರ ಆಟದ ಪಟಗಳನ್ನು ಮಾವ ನೋಡಿದ್ದರು, ಅದನ್ನು ಎಷ್ಟೋ ಸಲ ವರ್ಣಿಸಿದ್ದರು. "ಮಹಾರಾಜರು ಮನೆಗಳನ್ನು ಹೆಚ್ಚಿಸಿದರು, ನಿಮ್ಮ ಮೊಮ್ಮಗಳಿಗಾಗಿ ನಾವು ಇಳಿಸಿದ್ದೇವೆ" ಎಂದೆ. ಅಲ್ಲಿಂದ ಮುಂದೆ ಯಾವ ನಿಯಮವನ್ನು ಯಾವಾಗ ಸೇರಿಸಬೇಕೆಂಬುದರ ಮುಖ್ಯ ಸಲಹೆಗಾರರು ಅವರೇ ಆದರು.

ಆದರೂ ಸೋತಾಗ ಅಳು ನಿಲ್ಲಲಿಲ್ಲ. ಅಳಬೇಡ ಎಂದು ನಾನು ಹೇಳಲಿಲ್ಲ. ಅತ್ತು ಮುಗಿಸಿದ ಮೇಲೆ ಚಿಪ್ಪುಗಳನ್ನು ಎಣಿಸಿ ಡಬ್ಬಿಗೆ ಹಾಕಬೇಕು ಎಂಬುದನ್ನು ಮಾತ್ರ ಸಡಿಲಿಸಲಿಲ್ಲ. ಇದೇ ದಿನಗಳಲ್ಲಿ ಯಾರೂ ಯಾರನ್ನೂ ಸೋಲಿಸದ ಆಟವೊಂದು ಬೇಕೆನ್ನಿಸಿತು. ಜರ್ಮನಿಯ ಹಾಬಾ ಎಂಬ ಕಂಪನಿ 1986ರಲ್ಲಿ 'ಒಬ್ಸ್ಟ್‌ಗಾರ್ಟನ್' ಎಂದರೆ ಹಣ್ಣಿನ ತೋಟ ಎಂಬ ಆಟವನ್ನು ಹೊರತಂದಿತು. ಅದರಲ್ಲಿ 40 ಮರದ ಹಣ್ಣುಗಳು. ಇನ್ನೂ ಚಿಕ್ಕ ಮಕ್ಕಳಿಗೆಂದು ಆಮೇಲೆ ಬಂದ ಕಿರಿಯ ಆಟದಲ್ಲಿ 16. ಈ ಕಿರಿಯ ಆಟದ ದಾಳದ ನಾಲ್ಕು ಮುಖಗಳಲ್ಲಿ ಬಣ್ಣ, ಒಂದರಲ್ಲಿ ಬುಟ್ಟಿ, ಒಂದರಲ್ಲಿ ಕಾಗೆ. ಬಣ್ಣ ಬಿದ್ದರೆ ಆ ಬಣ್ಣದ ಹಣ್ಣು ಕೀಳಬೇಕು, ಬುಟ್ಟಿ ಬಿದ್ದರೆ ಇಷ್ಟ ಬಂದ ಹಣ್ಣು, ಕಾಗೆ ಬಿದ್ದರೆ ಕಾಗೆ ಒಂದು ಹೆಜ್ಜೆ ಮುಂದಕ್ಕೆ. ಕಾಗೆ ತೋಟ ತಲುಪುವ ಮೊದಲು ಎಲ್ಲ ಹಣ್ಣು ಕಿತ್ತರೆ ಆಡುವವರೆಲ್ಲರೂ ಗೆದ್ದಂತೆ; ಇಲ್ಲದಿದ್ದರೆ ಎಲ್ಲರೂ ಸೋತಂತೆ.

ಇಲ್ಲಿಗೆ ಜರ್ಮನಿಯ ತೋಟವೇಕೆ? ಶ್ರೀನಿವಾಸಪುರದ ಮಾವಿನ ತೋಪುಗಳು ನಮ್ಮ ಜಿಲ್ಲೆಯಲ್ಲೇ ಇವೆ. ದಪ್ಪ ಮರದ ಮಣಿಗಳನ್ನು ತಂದು ನಾವೇ ಬಣ್ಣ ಹಚ್ಚಿದೆವು: ಹಳದಿ ಮಾವು, ಹಸಿರು ಸೀಬೆ, ನೇರಳೆ ಬಣ್ಣದ ನೇರಳೆ, ಕೆಂಪು ಟೊಮೆಟೊ. ಟೊಮೆಟೊ ಮರದಲ್ಲಿ ಬಿಡುವುದಿಲ್ಲ ಎಂದು ಯಜಮಾನರು ತಗಾದೆ ತೆಗೆದರು, ಕೋಲಾರದ ಮಗು ಟೊಮೆಟೊ ಬಿಟ್ಟು ಆಡುವುದು ಹೇಗೆ ಎಂದು ಅತ್ತೆ ಬಾಯಿ ಮುಚ್ಚಿಸಿದರು. ಕಾಗೆಯ ಜಾಗಕ್ಕೆ ಕೋತಿ ಬಂತು. ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವಾಗ ಮಗಳ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಿದ್ದ ಕೋತಿಯೇ ಇದು ಎಂದು ಅವಳೇ ತೀರ್ಮಾನಿಸಿದಳು. ಕೋತಿಯ ದಾರಿಯನ್ನು ನೆಲದಲ್ಲಿ ಸೀಮೆಸುಣ್ಣದಿಂದ ಎಳೆಯುತ್ತಿದ್ದುದರಿಂದ ಒಂದು ಅನುಕೂಲವಾಯಿತು. ಮಗು ದಣಿದ ದಿನ ದಾರಿಗೆ ಒಂದು ಮನೆ ಸೇರಿಸಿದರೆ ಗೆಲುವು ಹತ್ತಿರ, ಹುಮ್ಮಸ್ಸಿನ ದಿನ ಒಂದು ಮನೆ ಅಳಿಸಿದರೆ ಪೈಪೋಟಿ ಬಿಗಿ. ದಾರಿಯ ಉದ್ದವನ್ನು ಆಟದ ಮೊದಲೇ ಅವಳ ಎದುರಿನಲ್ಲೇ ಎಳೆಯುತ್ತೇವೆ, ನಡುವೆ ಬದಲಿಸುವುದಿಲ್ಲ.

ಈ ಆಟ ಮಾಡಿದ ಉಪಕಾರ ದೊಡ್ಡದು. ಕೋತಿ ಗೆದ್ದಾಗ ಮನೆಯವರೆಲ್ಲರೂ ಒಟ್ಟಿಗೆ "ಅಯ್ಯೋ" ಎನ್ನುತ್ತಿದ್ದೆವು. ಸೋಲು ತನ್ನೊಬ್ಬಳ ತಲೆಗೆ ಬಂದದ್ದಲ್ಲ ಎಂದು ಕಂಡ ಮೇಲೆ ಅವಳು ಅತ್ತದ್ದು ಕಡಿಮೆ. "ನೇರಳೆ ಕಿತ್ತು ಮುಗಿಸೋಣವೋ, ಮಾವು ಕೀಳೋಣವೋ" ಎಂದು ಬುಟ್ಟಿ ಬಿದ್ದಾಗ ಎಲ್ಲರೂ ಅವಳನ್ನೇ ಕೇಳುತ್ತಿದ್ದೆವು. ಜಾಸ್ತಿ ಉಳಿದಿರುವ ಹಣ್ಣನ್ನೇ ಕಿತ್ತರೆ ಒಳ್ಳೆಯದೆಂದು ಅವಳು ಕಂಡುಕೊಂಡ ದಿನ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ಸಂಭ್ರಮಿಸಿದೆ.

ಹಾವು-ಏಣಿಯನ್ನೂ ಪ್ರಯತ್ನಿಸಿದೆವು. ನಮ್ಮ ದೇಶದಲ್ಲಿ ಪಾಪ ಪುಣ್ಯಗಳ ಪಟವಾಗಿ ಹುಟ್ಟಿ ಜಗತ್ತೆಲ್ಲ ಸುತ್ತಿದ ಆಟ, ಅದರ ಮೇಲೆ ನನಗೆ ಅಪಾರ ಗೌರವ. ಆದರೆ ಅಂಗಡಿಯ 100 ಮನೆಯ ಪಟ ನಾಲ್ಕರ ಒಳಗಿನವರಿಗೆ ಬಹಳ ಉದ್ದ, ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ ಹೋಗುವುದರಿಂದ ಮಗು ಸಾಲಿನ ತುದಿಯಲ್ಲಿ ತಬ್ಬಿಬ್ಬಾಗುತ್ತದೆ. ಮೂರು ಸಾಲು ಬಿಟ್ಟು ಉಳಿದದ್ದನ್ನು ಕಾಗದದಿಂದ ಮುಚ್ಚಿ ಆಡಿದೆವು. ಮೊಬೈಲಿನ ಲೂಡೋ ಮಾತ್ರ ಬೇಡವೆಂದೆ. ಅಲ್ಲಿ ದಾಳ ಉರುಳಿಸುವುದು, ಎಣಿಸುವುದು, ಕಾಯಿ ನಡೆಸುವುದು ಎಲ್ಲವನ್ನೂ ಯಂತ್ರವೇ ಮಾಡಿಬಿಡುತ್ತದೆ. ಮಗುವಿಗೆ ಉಳಿಯುವುದು ಬೆರಳು ಒತ್ತುವ ಕೆಲಸ.

ನಾಲ್ಕು ತುಂಬಿ, ಬಾಯಿಗಿಡುವ ಅಭ್ಯಾಸ ಪೂರ್ತಿ ಹೋದ ಮೇಲೆ ಅಳಿಗುಳಿ ಮಣೆ ಇಳಿಯಿತು. ಎರಡು ಸಾಲು, ಸಾಲಿಗೆ ಏಳು ಗುಳಿ. ಈಗ ಅದಕ್ಕೆ ಹುಣಸೆಬೀಜ. ಮೊದಲಿಗೆ ಗೆಲ್ಲುವ ಸೋಲುವ ಮಾತೇ ಎತ್ತಲಿಲ್ಲ. ಒಂದು ಗುಳಿಯ ಬೀಜ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದು, ಅಷ್ಟೇ. ಅತ್ತೆ ಪಕ್ಕದಲ್ಲಿ ಕುಳಿತು ಮಧ್ಯಾಹ್ನವೆಲ್ಲ ಇದನ್ನೇ ಮಾಡಿಸಿದರು. ಒಂದು ಗುಳಿಗೆ ಒಂದೇ ಬೀಜ, ಯಾವ ಗುಳಿಯನ್ನೂ ದಾಟುವ ಹಾಗಿಲ್ಲ ಎಂಬ ಶಿಸ್ತು ಬೆರಳುಗಳಿಗೆ ತಾನಾಗಿ ಹತ್ತಿತು. ಬೀಜ ಬೀಳುವ ಟಕ್ ಟಕ್ ಸದ್ದಿಗೇ ಅವಳು ಮರುಳಾಗಿದ್ದಳು.

ಒಂಬತ್ತು ಮನೆಯ ಪಟಕ್ಕೆ ಅಷ್ಟರಲ್ಲಿ ಒಂದೊಂದೇ ನಿಯಮ ಸೇರಿತ್ತು. ಮೊದಲು ಚೌಕ, ಬಾರಾ ಬಿದ್ದರೆ ಇನ್ನೊಂದು ಗರ. ಆಮೇಲೆ ತಲೆಗೆ ಎರಡು ಕಾಯಿ. ಯಾವುದನ್ನು ನಡೆಸಲಿ ಎಂದು ಯೋಚಿಸುವ ಮೊದಲ ಸಂದರ್ಭ ಅದು, ಅವಳು ಎಷ್ಟೋ ಹೊತ್ತು ತೆಗೆದುಕೊಳ್ಳುತ್ತಿದ್ದಳು, ನಾವು ಕಾಯುತ್ತಿದ್ದೆವು. ಆಮೇಲೆ 25 ಮನೆ. ಕೊನೆಗೆ ಕಡಿಯುವುದು. ಕಡಿಯುವ ನಿಯಮವನ್ನು ಮೊದಲು ದೊಡ್ಡವರು ದೊಡ್ಡವರಿಗೆ ಮಾತ್ರ ಅನ್ವಯಿಸಿಕೊಂಡೆವು. ಅಜ್ಜಿ ಕಡಿದಾಗ ಅಜ್ಜ ನಕ್ಕು ಕಾಯಿಯನ್ನು ಮನೆಗೆ ತಂದು ಮತ್ತೆ ಹೊರಡುವುದನ್ನು ಅವಳು ನೋಡುತ್ತಿದ್ದಳು. ಒಂದು ದಿನ ತಾನೇ, "ನನ್ನದನ್ನೂ ಕಡಿಯಿರಿ" ಎಂದಳು. ಮಾವ ಆ ಗರಕ್ಕೆ ಕಾದಿದ್ದು ಕಡಿದರು. ತುಟಿ ನಡುಗಿತು. ಕಾಯಿಯನ್ನು ಮನೆಯಲ್ಲಿಟ್ಟಳು, ಬಟ್ಟಲಿಗಾಗಿ ಕೈ ಚಾಚಿದಳು.

ಕಳೆದ ಶಿವರಾತ್ರಿಗೆ ಬಂಧುಗಳು ಬಂದಿದ್ದರು. ಸಂಜೆ ಅಂತರಗಂಗೆಯ ಕಾಶಿ ವಿಶ್ವೇಶ್ವರನ ದರ್ಶನ ಮುಗಿಸಿ, ರಾತ್ರಿ ಜಾಗರಣೆಗೆ ಪಟ ಹಾಕಿದರೆ ಮಗಳು ತನ್ನ ವಯಸ್ಸಿನವನೇ ಆದ ನನ್ನ ಅತ್ತಿಗೆಯ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಬಟ್ಟಲಿನ ವಿಚಾರ ವಿವರಿಸುತ್ತಿದ್ದಳು. ಅವನಿಗೆ 25 ಮನೆ ಜಾಸ್ತಿಯಾಯಿತು. ಅವಳು ಯಾರನ್ನೂ ಕೇಳದೆ ಸೀಮೆಸುಣ್ಣ ತೆಗೆದುಕೊಂಡು, ಸೊಟ್ಟ ಗೆರೆಗಳಲ್ಲಿ ಒಂಬತ್ತು ಮನೆ ಬರೆದು ಅವನಿಗೊಂದು ಕಾಯಿ ಕೊಟ್ಟಳು.

ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆಯೊಂದನ್ನು ಇನ್ನೂ ಸೇರಿಸಿಲ್ಲ. ಐದು ತುಂಬಲಿ ಎಂದಿದ್ದೇವೆ. ಮುಂದಿನ ಬೇಸಿಗೆಗೆ ಹುಲಿ-ಕುರಿ ಆಟ. ಮೂರು ಹುಲಿ, 15 ಕುರಿಗಳ ಪೂರ್ಣ ಆಟಕ್ಕೆ ಮುಂದಾಲೋಚನೆ ಬೇಕು, ಅಲ್ಲಿ ಅದೃಷ್ಟದ ಪಾಲೇ ಇಲ್ಲ. ಆದ್ದರಿಂದ ಒಂದು ಹುಲಿ ಮತ್ತು ಕೆಲವೇ ಕುರಿಗಳಿಗೆ ಸಾಲುವಷ್ಟು ಚಿಕ್ಕ ಪಟ ಮಾಡಿ ನೋಡೋಣ ಎಂದು ಮಾವ ಹಲಗೆಯೊಂದನ್ನು ನಯಗೊಳಿಸಿ ಗೆರೆ ಹಾಕುತ್ತಿದ್ದಾರೆ. ಹುಲಿ ಯಾರಾಗಬೇಕು ಎಂಬುದರ ಬಗ್ಗೆ ಅಜ್ಜನಿಗೂ ಮೊಮ್ಮಗಳಿಗೂ ಮಾತುಕತೆ ಈಗಲೇ ಶುರುವಾಗಿದೆ.